ಜೀವಕೋಶ, ಪೊರೆ, ಉಪ್ಪು, ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ, ಕಾರವಾರ, ಶಿರಸಿ ಕಡೆಯ ಹೈಸ್ಕೂಲು ಮತ್ತು ಪಿಯು ಮಕ್ಕಳು, ಅವರ ಅಪ್ಪ-ಅಮ್ಮಂದಿರು, ನಡುನಡುವೆ ಅಡಿಕೆ ತೋಟದವರು ಕೇಳಿದ ಪ್ರಶ್ನೆಗಳಿವು. ಕೆಲವು ಕ್ಲಾಸಿನಲ್ಲಿ ಬಂದವು, ಕೆಲವು ಪತ್ರದಲ್ಲಿ, ಕೆಲವು ಮದುವೆ ಊಟದ ಪಂಕ್ತಿಯಲ್ಲಿ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಸ್ವಲ್ಪ ಗಟ್ಟಿ. ಉಪ್ಪಿನ ಮಾತು ಜಾಸ್ತಿ ಆಯ್ತು ಅನ್ನಿಸಿದರೆ, ಹೌದು, ಜಾಸ್ತಿಯೇ ಆಗಿದೆ. ಜೀವಕೋಶದ ದುಡಿಮೆಯ ದೊಡ್ಡ ಪಾಲು ಉಪ್ಪು-ನೀರಿನ ಲೆಕ್ಕಕ್ಕೇ ಹೋಗುತ್ತದೆ.

## ಮೊದಲ ಮೆಟ್ಟಿಲು

ಅಕ್ಕೋರೆ, ಜೀವಕೋಶ ಬರಿಗಣ್ಣಿಗೆ ಕಾಣ್ತದಾ?

ಒಂದು ಚೆನ್ನಾಗಿಯೇ ಕಾಣುತ್ತದೆ: ಅಂಗಡಿಯಿಂದ ತಂದ ಫಾರಂ ಕೋಳಿಮೊಟ್ಟೆಯ ಹಳದಿ. ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಆ ಇಡೀ ಹಳದಿ ಉಂಡೆ ಒಂದೇ ಜೀವಕೋಶ. ಸುತ್ತಲಿನ ಲೋಳೆ ಕೋಶವಲ್ಲ, ಅದು ನೀರು ಮತ್ತು ಪ್ರೋಟೀನ್ ಅಷ್ಟೇ.

ಉಳಿದವು ತೀರಾ ಸಣ್ಣವು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದನ್ನು ನಮ್ಮ ಕಣ್ಣು ಬಿಡಿಸಿ ನೋಡಲಾರದು. ನಮ್ಮ ದೇಹದ ಹೆಚ್ಚಿನ ಕೋಶಗಳು ಅದರ ಐದನೇ ಒಂದು ಪಾಲು, ಹತ್ತನೇ ಒಂದು ಪಾಲು ಇರುತ್ತವೆ. ಹಾಗಾಗಿ ಮಸೂರ ಬರುವವರೆಗೆ ಇವು ಯಾರಿಗೂ ಗೊತ್ತಿರಲಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಬಿರಡೆಯ ತೆಳು ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಜೀವ ಇರುವ ಒಂಟಿ ಕೋಶಗಳು ಓಡಾಡುವುದನ್ನು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್, 1670ರ ದಶಕದಲ್ಲಿ.

ನೀವೇ ನೋಡಬೇಕೆಂದರೆ ಈರುಳ್ಳಿಗಿಂತ ಒಳ್ಳೆಯದು ಇಲ್ಲ. ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕುವ ಕುಮಟಾ ಈರುಳ್ಳಿಯೂ ಆದೀತು. ಒಂದು ದಪ್ಪ ಎಸಳನ್ನು ಮುರಿದರೆ ಒಳಮೈಯಿಂದ ಪ್ಲಾಸ್ಟಿಕ್ ಹಾಳೆಯಂಥ ತೆಳು ಸಿಪ್ಪೆ ಬಿಡುತ್ತದೆ. ಅದನ್ನು ಗಾಜಿನ ಮೇಲೆ ಮಡಿಕೆ ಬೀಳದ ಹಾಗೆ ಹರಡಿ, ನೀರು ಸೇರಿಸಿದ ಟಿಂಚರ್ ಅಯೋಡಿನ್ ಒಂದು ಹನಿ ಹಾಕಿ. ನೂರು ಪಟ್ಟು ದೊಡ್ಡದಾಗಿ ತೋರಿಸುವ ಶಾಲೆಯ ಸೂಕ್ಷ್ಮದರ್ಶಕ ಸಾಕು. ಅದಿಲ್ಲದ ಶಾಲೆಗಳಿಗೆ ಮನು ಪ್ರಕಾಶ್ ಮತ್ತು ಸಂಗಡಿಗರು ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ಇದೆ. ಸಾಲಾಗಿ ಉದ್ದುದ್ದ ಕೋಶಗಳು, ಪ್ರತಿಯೊಂದರಲ್ಲೂ ಒಂದು ಹಳದಿಗಂದು ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ. 'ಕ್ಲೋರೋಪ್ಲಾಸ್ಟ್ ಎಲ್ಲಿ?' ಎಂದು, ಅಂದರೆ ಸಕ್ಕರೆ ಮಾಡುವ ಹಸಿರು ಕಣದಂಗ ಎಲ್ಲಿ ಎಂದು, ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ನೆಲದೊಳಗೆ ಬೆಳೆದ ಈರುಳ್ಳಿ ಗಡ್ಡೆಯಲ್ಲಿ ಹಸಿರು ಹುಡುಕಬೇಡಿ.

ನಮ್ಮ ಮೈಯಲ್ಲಿರೋ ಕೋಶ ಎಲ್ಲಾ ಒಂದೇ ನಮೂನೆ ಇರ್ತಾವಾ?

ಇಲ್ಲ. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ ಎಂದು ಅಂದಾಜು. ಅದರಲ್ಲಿ ಹೆಚ್ಚಿನವು ಕೆಂಪು ರಕ್ತಕಣಗಳು. ಅವಕ್ಕೆ ಕೋಶಕೇಂದ್ರವೂ ಇಲ್ಲ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯವೂ ಇಲ್ಲ. ಹಿಮೋಗ್ಲೋಬಿನ್ ತುಂಬಿಕೊಂಡು ಸುಮಾರು 120 ದಿನ ಓಡಾಡಿ ಮುಗಿಯುತ್ತವೆ. ಬೆನ್ನಿನಿಂದ ಕಾಲ್ಬೆರಳಿನವರೆಗೆ ಹೋಗುವ ಒಂದೇ ನರಕೋಶ ಒಂದು ಮೀಟರಿನಷ್ಟು ಉದ್ದ ಇರಬಹುದು. ಅಂದ ಹಾಗೆ ಬಂಗಡೆಯ ರಕ್ತಕಣದಲ್ಲಿ ಕೋಶಕೇಂದ್ರ ಇರುತ್ತದೆ. ಮೀನು, ಕಪ್ಪೆ, ಹಕ್ಕಿ ಇವೆಲ್ಲ ಅದನ್ನು ಇಟ್ಟುಕೊಂಡಿವೆ, ಬಿಟ್ಟದ್ದು ಸಸ್ತನಿಗಳು.

ಮಂಗನ ಕಾಯಿಲೆ ವೈರಸ್ಸಿಂದ ಬರ್ತದೆ ಅಂತಾರೆ. ವೈರಸ್ಸೂ ಒಂದು ಜೀವಕೋಶವಾ?

ಅಲ್ಲ. ಸಿದ್ದಾಪುರ-ಶಿರಸಿ ಕಡೆಯವರಿಗೆ ಮಂಗನ ಕಾಯಿಲೆಯ ಭಯ ಹೊಸದಲ್ಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದರು. ಉಣುಗು ಕಚ್ಚಿ ಹರಡುವ ಈ ವೈರಸ್ ಅಂದರೆ ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಪ್ರೋಟೀನ್, ಅದರ ಮೇಲೊಂದು ಕೊಬ್ಬಿನ ಪೊರೆ. ಆ ಪೊರೆಯೂ ಸ್ವಂತದ್ದಲ್ಲ, ಹೊಕ್ಕ ಕೋಶದ ಒಳಪೊರೆಯಿಂದಲೇ ಸುತ್ತಿಕೊಂಡು ಬಂದದ್ದು. ಪ್ರೋಟೀನ್ ಪೋಣಿಸುವ ಸ್ವಂತ ರೈಬೋಸೋಮ್ ಇಲ್ಲ, ಶಕ್ತಿ ತಯಾರಿಸುವ ವ್ಯವಸ್ಥೆ ಇಲ್ಲ. ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯೋಟಿಕ್ ಮಾತ್ರೆ ಇದಕ್ಕೆ ತಾಗದಿರುವುದು ಅದಕ್ಕೇ. ಆ ಮಾತ್ರೆಗಳು ಗುರಿಯಿಡುವ ಕೋಶಭಿತ್ತಿ, ರೈಬೋಸೋಮ್ ಇವು ವೈರಸ್ಸಿನಲ್ಲಿ ಇಲ್ಲವೇ ಇಲ್ಲ.

ಗಿಡದ ಕೋಶಕ್ಕೆ ಗೋಡೆ ಉಂಟಲ್ಲ, ಮತ್ತೆ ಪೊರೆ ಯಾಕೆ?

ಗೋಡೆ ಗಟ್ಟಿ, ಆದರೆ ಅದಕ್ಕೆ ಆಯ್ಕೆ ಗೊತ್ತಿಲ್ಲ. ನೀರು, ಉಪ್ಪು, ಸಕ್ಕರೆ ಏನು ಬಂದರೂ ಒಳಗೆ ಬಿಡುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವುದು ಗೋಡೆಯ ಒಳಗಡೆ ಅಂಟಿಕೊಂಡಿರುವ ಪೊರೆ. ಗೋಡೆಯ ಕೆಲಸ ಬೇರೆ: ಒಳಗೆ ನೀರು ತುಂಬಿದಾಗ ಕೋಶ ಒಡೆಯದ ಹಾಗೆ ತಡೆಯುವುದು. ಬಸಳೆಯ ಎಲೆ ಬೆಳಿಗ್ಗೆ ಸೆಟೆದು ನಿಂತಿರುವುದು ಗೋಡೆಗೆ ಒಳಗಿನಿಂದ ಒತ್ತುವ ನೀರಿನ ಬಲದಿಂದ. ಕಿತ್ತು ಬಿಸಿಲಲ್ಲಿ ಇಟ್ಟರೆ ಗೋಡೆ ಅಲ್ಲೇ ಇರುತ್ತದೆ, ಒತ್ತುವ ನೀರು ಹೋಗಿರುತ್ತದೆ, ಎಲೆ ಜೋತು ಬೀಳುತ್ತದೆ.

## ಪೊರೆ, ಉಪ್ಪು, ನೀರು

ಪೊರೆ ಎಣ್ಣೆಯಂಥದ್ದು ಅಂತೀರಿ. ಎಣ್ಣೆ ತೇಲಿ ಮೇಲೆ ಬರಬೇಕಲ್ವಾ?

ಒಳ್ಳೆ ಪ್ರಶ್ನೆ. ಕೊಬ್ಬರಿ ಎಣ್ಣೆಯ ಅಣುವಿಗೆ ನೀರು ಕಂಡರಾಗದು. ಪೊರೆಯ ಫಾಸ್ಫೋಲಿಪಿಡ್ ಅಣು ಹಾಗಲ್ಲ. ಅದರ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಯ ಎರಡು ಬಾಲಗಳಿಗೆ ಬೇಡ. ಇಂಥವನ್ನು ನೀರಿಗೆ ಬಿಟ್ಟರೆ ತಾವಾಗಿಯೇ ಎರಡು ಸಾಲಾಗುತ್ತವೆ. ಬಾಲಗಳು ಒಳಗೆ ಎದುರುಬದುರು, ತಲೆಗಳು ಎರಡೂ ಕಡೆ ನೀರಿಗೆ. ಯಾರೂ ಜೋಡಿಸಬೇಕಿಲ್ಲ. ಸಣ್ಣ ತೂತು ಬಿದ್ದರೂ ಅಂಚುಗಳು ತಾವೇ ಕೂಡಿಕೊಳ್ಳುತ್ತವೆ.

ಎರಡು ಸಾಲು ಎಂದು ಪತ್ತೆ ಮಾಡಿದ ರೀತಿ ನನಗೆ ಬಹಳ ಇಷ್ಟ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ಚರು ಕೆಂಪು ರಕ್ತಕಣಗಳಿಂದ ಕೊಬ್ಬನ್ನಷ್ಟೇ ಬೇರ್ಪಡಿಸಿ, ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಹರಡಿದ ಜಾಗ ರಕ್ತಕಣಗಳ ಒಟ್ಟು ಮೇಲ್ಮೈಗಿಂತ ಎರಡು ಪಟ್ಟು ಬಂತು. ಒಂದು ತೊಟ್ಟಿ ನೀರು, ಒಂದು ಗುಣಾಕಾರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆಗಿನ್ನೂ ಹುಟ್ಟಿರಲಿಲ್ಲ.

ಈ ಪೊರೆಯ ದಪ್ಪ 7-8 ನ್ಯಾನೋಮೀಟರ್. ಹತ್ತು ಸಾವಿರಕ್ಕೂ ಜಾಸ್ತಿ ಪೊರೆ ಒಂದರ ಮೇಲೊಂದು ಇಟ್ಟರೆ ಒಂದು ಹಾಳೆಯ ದಪ್ಪ. ಇದರಲ್ಲಿ ಪ್ರೋಟೀನ್‌ಗಳು ಹುದುಗಿರುತ್ತವೆ, ಅವು ಅತ್ತಿತ್ತ ಸರಿದಾಡುತ್ತವೆ. ಈ ಚಿತ್ರವನ್ನು 1972ರಲ್ಲಿ ಕೊಟ್ಟವರು ಸಿಂಗರ್ ಮತ್ತು ನಿಕಲ್ಸನ್. ಪಠ್ಯದ ಚಿತ್ರದಲ್ಲಿ ಎಲ್ಲ ಸ್ತಬ್ಧವಾಗಿ ಕಾಣುತ್ತದೆ, ಅದನ್ನು ನಂಬಬೇಡಿ. ಬ್ಯಾಕ್ಟೀರಿಯದ ಪೊರೆಯಲ್ಲಿ ಒಂದು ಕೊಬ್ಬಿನ ಅಣು ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು ಒಂದು ಸೆಕೆಂಡು ಸಾಕು.

ಕೆಂಪು ಹರಿವೆ ತಣ್ಣೀರಲ್ಲಿ ತೊಳೆದ್ರೆ ಬಣ್ಣ ಬಿಡೂದಿಲ್ಲ, ಬೇಯಿಸಿದ್ರೆ ನೀರೆಲ್ಲ ಕೆಂಪು. ಯಾಕೆ?

ಕೇಳಿದವರು ಅಂಕೋಲೆಯ ಒಬ್ಬ ಅಮ್ಮ, ಮಗನ ಹೋಮ್‌ವರ್ಕ್‌ಗಾಗಿ ಅಲ್ಲ, ತಮಗಾಗಿ. ಪೊರೆ ಎಂದರೇನು ಎಂದು ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ಹರಿವೆಯ ಕೆಂಪು ಬಣ್ಣ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದರೂ ತಣ್ಣೀರಿಗೆ ಬರುವುದಿಲ್ಲ. ಯಾಕೆಂದರೆ ಅದು ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಪೊರೆಚೀಲದಲ್ಲಿ, ಇದೆ. ಹೊರಗೆ ಬರಬೇಕಾದರೆ ಮೊದಲು ರಸದಾನಿಯ ಪೊರೆ ದಾಟಬೇಕು, ಆಮೇಲೆ ಕೋಶಪೊರೆ ದಾಟಬೇಕು. ನೀರಿನಲ್ಲಿ ಕರಗುವ ದೊಡ್ಡ ಅಣುವಿಗೆ ಕೊಬ್ಬಿನ ಆ ಎರಡು ಪದರಗಳಲ್ಲಿ ದಾರಿ ಇಲ್ಲ. ಬೆಂದಾಗ ಪೊರೆಯ ಪ್ರೋಟೀನ್‌ಗಳು ಕೆಡುತ್ತವೆ, ಪೊರೆ ಹರಿಯುತ್ತದೆ, ಬಣ್ಣ ಸುರಿಯುತ್ತದೆ.

ಮಕ್ಕಳ ಜೊತೆ ಮಾಡಿ ನೋಡಿ. ಮೂರು ಲೋಟ, ಮೂರರಲ್ಲೂ ಹರಿಯದ, ಕತ್ತರಿಸದ ಎಲೆ. ಒಂದಕ್ಕೆ ತಣ್ಣೀರು. ಒಂದಕ್ಕೆ ಕುದಿನೀರು. ಮೂರನೆಯದಕ್ಕೆ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಎಲೆ ಮತ್ತು ತಣ್ಣೀರು. ಹತ್ತು ನಿಮಿಷದಲ್ಲಿ ಎರಡನೆಯದು ಗಾಢ ಕೆಂಪು. ಮೂರನೆಯದೂ ಬಣ್ಣ ಬಿಡುತ್ತದೆ, ಬೆಂಕಿ ಸೋಕದಿದ್ದರೂ. ಹೆಪ್ಪುಗಟ್ಟಿದ ನೀರಿನ ಹರಳುಗಳು ಪೊರೆಯನ್ನು ಸೀಳಿರುತ್ತವೆ. ಎಲೆಯನ್ನು ಹೆಚ್ಚಿ ಹಾಕಬೇಡಿ, ಅಂಚಿನ ಕೋಶಗಳು ಕತ್ತಿಗೆ ಸಿಕ್ಕಿ ಒಡೆದು ತಣ್ಣೀರೂ ಕೆಂಪಾಗಿ ಪ್ರಯೋಗ ಕೆಡುತ್ತದೆ.

ಅಪ್ಪೆಮಿಡಿ ಉಪ್ಪಿನಲ್ಲಿ ಹಾಕಿದ್ರೆ ಚಿರುಟ್ತದೆ. ಉಪ್ಪು ಒಳಗೆ ಹೋಗಿ ಹಾಗಾಗೂದಾ?

ಮೊದಲು ಉಪ್ಪು ಒಳಗೆ ಹೋಗುವುದಿಲ್ಲ, ನೀರು ಹೊರಗೆ ಬರುತ್ತದೆ. ಈ ಕ್ರಮ ಮುಖ್ಯ.

ಶಿರಸಿ ಕಡೆ ಮಿಡಿಯನ್ನೂ ಕಲ್ಲುಪ್ಪನ್ನೂ ಪದರ ಪದರವಾಗಿ ಭರಣಿಗೆ ತುಂಬುತ್ತಾರೆ. ಒಂದು ತೊಟ್ಟು ನೀರು ಹಾಕಿರುವುದಿಲ್ಲ. ಕೆಲವು ದಿನ ಬಿಟ್ಟು ತೆಗೆದರೆ ತಳದಲ್ಲಿ ಉಪ್ಪುನೀರು ನಿಂತಿರುತ್ತದೆ, ಮಿಡಿಯ ಸಿಪ್ಪೆ ಸುಕ್ಕಾಗಿರುತ್ತದೆ. ಆ ನೀರೆಲ್ಲ ಮಿಡಿಯದ್ದೇ. ಪೊರೆಯ ಮೂಲಕ ನೀರು ಸುಲಭವಾಗಿ ದಾಟುತ್ತದೆ, ಉಪ್ಪು ದಾಟುವುದಿಲ್ಲ. ಹೊರಗೆ ಉಪ್ಪು ಜಾಸ್ತಿ ಇದ್ದಾಗ ನೀರು ಆ ಕಡೆ ಹೋಗುತ್ತದೆ. ಪಠ್ಯದ ಅಭಿಸರಣೆ ಎಂದರೆ ಇದೇ. ನೀರು ಕಳೆದುಕೊಂಡ ಕೋಶದಲ್ಲಿ ಪೊರೆ ಗೋಡೆಯನ್ನು ಬಿಟ್ಟು ಒಳಕ್ಕೆ ಮುದುಡುತ್ತದೆ.

ಸ್ವಲ್ಪ ಸಮಯದಲ್ಲಿ ಕೋಶ ಸಾಯುತ್ತದೆ. ಪೊರೆ ಸತ್ತ ಮೇಲೆ ತಡೆಯುವವರಿಲ್ಲ, ಆಗ ಉಪ್ಪು ಒಳಗೆ ಇಳಿಯುತ್ತದೆ. ಮಿಡಿ ಕಚ್ಚಿದಾಗ ನಡುವಿನವರೆಗೂ ಉಪ್ಪಾಗಿರುವುದು ಆ ಎರಡನೇ ಹಂತದ್ದು. ಕೊಳೆಸಲು ಬರುವ ಬ್ಯಾಕ್ಟೀರಿಯಕ್ಕೂ ಇದೇ ಗತಿ: ಹೊರಗಿನ ಉಪ್ಪು ಅದರ ನೀರನ್ನೂ ಎಳೆಯುತ್ತದೆ, ಅದು ಬೆಳೆಯಲಾರದು. ಒಣಮೀನಿಗೆ ಉಪ್ಪು ಹಾಕುವ ಲೆಕ್ಕವೂ ಬೇರೆಯಲ್ಲ.

ಮೊದಲ ಹಂತವನ್ನು ಕಣ್ಣಾರೆ ನೋಡಬೇಕಾದರೆ ಕೆಂಪು ಈರುಳ್ಳಿ ಎಸಳಿನ ಹೊರಮೈಯ ನೇರಳೆ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಒಂದು ಹನಿ ಉಪ್ಪುನೀರು ಬಿಡಿ. ಕೋಶ ತುಂಬಿಕೊಂಡಿದ್ದ ನೇರಳೆ ಬಣ್ಣ ಮೂಲೆಗಳಿಂದ ಹಿಂದೆ ಸರಿದು ನಡುವೆ ಮುದ್ದೆಯಾಗುತ್ತದೆ. ಬೇಗನೇ ಸಿಹಿನೀರು ಬಿಟ್ಟರೆ ಮತ್ತೆ ಹರಡಿಕೊಳ್ಳುತ್ತದೆ.

ಸಮುದ್ರದ ನೀರು ಕುಡಿದ್ರೆ ದಾಹ ಜಾಸ್ತಿ ಆಗ್ತದೆ ಅಂತಾರೆ. ಮತ್ತೆ ಮೀನಿಗೆ?

ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5 ಶೇಕಡಾ. ನಮ್ಮ ರಕ್ತಕ್ಕೆ ಹೊಂದುವ ಸಲೈನ್ ಬಾಟಲಿಯಲ್ಲಿ 0.9 ಶೇಕಡಾ. ನಮ್ಮ ಮೂತ್ರಪಿಂಡ ಸಮುದ್ರದ ನೀರಿನಷ್ಟು ಉಪ್ಪುಪ್ಪಾದ ಮೂತ್ರ ಮಾಡಲಾರದು. ಒಂದು ಲೋಟ ಕುಡಿದರೆ ಆ ಉಪ್ಪನ್ನು ಹೊರಹಾಕಲು ಒಂದು ಲೋಟಕ್ಕಿಂತ ಜಾಸ್ತಿ ನೀರು ಬೇಕು. ಅದು ಬರುವುದು ನಮ್ಮ ಕೋಶಗಳಿಂದಲೇ.

ಬಂಗಡೆ ಸಮುದ್ರದ ನೀರನ್ನು ಕುಡಿಯುತ್ತದೆ, ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರಗೆ ತಳ್ಳುತ್ತದೆ. ಮೋರಿ, ಅಂದರೆ ಸಣ್ಣ ಶಾರ್ಕ್, ಬೇರೆ ದಾರಿ ಹಿಡಿದಿದೆ. ಅದು ರಕ್ತದಲ್ಲಿ ಯೂರಿಯಾ ತುಂಬಿಕೊಂಡು ಒಳಗಿನ ಸಾಂದ್ರತೆಯನ್ನೇ ಸಮುದ್ರದಷ್ಟು ಮಾಡಿಕೊಂಡಿದೆ. ತಡವಾಗಿ ತಂದ ಮೋರಿ ಅಮೋನಿಯಾ ವಾಸನೆ ಹೊಡೆಯುವುದು ಆ ಯೂರಿಯಾ ಒಡೆದಾಗ. ಅಘನಾಶಿನಿ ಅಳಿವೆಯ ಬೆಳಚಿಗೆ ಪಾಡು ಇನ್ನೂ ಕಷ್ಟ, ಮಳೆಗಾಲದಲ್ಲಿ ಸುತ್ತಲಿನ ನೀರೇ ಸಿಹಿಯಾಗುತ್ತದೆ. ಆಗ ಅದು ಚಿಪ್ಪು ಮುಚ್ಚಿ ಕೂರುತ್ತದೆ, ಕೋಶದೊಳಗಿನ ಅಮೈನೋ ಆಮ್ಲಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸಿಹಿನೀರು ತುಂಬಾ ದಿನ ನಿಂತರೆ ಸಾಯುತ್ತದೆ.

ಕಾಂಡ್ಲಾ ಗಿಡ, ಕಗ್ಗ ಭತ್ತ ಉಪ್ಪು ನೀರಲ್ಲೇ ಬೆಳೀತಾವಲ್ಲ, ಅವು ಯಾಕೆ ಚಿರುಟೂದಿಲ್ಲ?

ಉಪ್ಪು ತಾಳುವ ಗಿಡಗಳಿಗೆ ಮುಖ್ಯವಾಗಿ ಮೂರು ಉಪಾಯ ಇವೆ, ಒಂದೊಂದು ಗಿಡ ಒಂದೊಂದನ್ನು ಜಾಸ್ತಿ ಬಳಸುತ್ತದೆ. ಬೇರಿನಲ್ಲೇ ತಡೆಯುವುದು ಒಂದು. ಕಾಲುಬೇರು ಊರಿ ನಿಲ್ಲುವ ರೈಜೋಫೋರಾ ಕಾಂಡ್ಲಾ ಬೇರಿನ ಪೊರೆಗಳಲ್ಲೇ ಹೆಚ್ಚಿನ ಉಪ್ಪನ್ನು ಸೋಸಿಬಿಡುತ್ತದೆ. ಒಳಗೆ ಬಂದದ್ದನ್ನು ಹೊರಹಾಕುವುದು ಇನ್ನೊಂದು. ಅವಿಸೀನಿಯಾ ಜಾತಿಯ ಎಲೆಯಲ್ಲಿ ಉಪ್ಪು ಉಗುಳುವ ಗ್ರಂಥಿಗಳಿವೆ. ಕಾರವಾರದಲ್ಲಿ ಕಾಳಿ ನದಿಯ ಕಾಂಡ್ಲಾ ವನಕ್ಕೆ ಹೋದರೆ ಮಳೆ ಇಲ್ಲದ ದಿನ ಅದರ ಎಲೆ ಮುಟ್ಟಿ ನಾಲಿಗೆಗೆ ತಾಗಿಸಿ, ಉಪ್ಪು ತಿಳಿಯುತ್ತದೆ.

ಮೂರನೆಯದು ಸೋಡಿಯಂ ಅನ್ನು ರಸದಾನಿಗೆ ತಳ್ಳಿ ಅಲ್ಲೇ ಕೂಡಿ ಹಾಕುವುದು. ಆಗ ಕೋಶದ್ರವ್ಯದಲ್ಲಿರುವ ಕಿಣ್ವಗಳಿಗೆ ತೊಂದರೆ ಇಲ್ಲ, ಆದರೆ ಒಟ್ಟು ಕೋಶದ ಸಾಂದ್ರತೆ ಏರಿ ಹೊರಗಿನಿಂದ ನೀರು ಎಳೆಯಲು ಬರುತ್ತದೆ. ಸಮತೋಲಕ್ಕೆ ಕೋಶದ್ರವ್ಯದಲ್ಲಿ ಪ್ರೋಲೀನ್‌ನಂಥ ನಿರುಪದ್ರವಿ ಅಣುಗಳನ್ನು ತುಂಬಿಕೊಳ್ಳುತ್ತವೆ. ಕುಮಟಾದ ಗಜನಿ ಗದ್ದೆಯಲ್ಲಿ ಕಗ್ಗ ಬೆಳೆಯುವವರು ಮಳೆ ಸ್ವಲ್ಪ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ. ಉಪ್ಪು ತಾಳುವ ಭತ್ತವೇ ಆದರೂ ಎಳೆಯ ಸಸಿಗೆ ತೀರಾ ಉಪ್ಪು ಆಗಿಬರುವುದಿಲ್ಲ.

ಒಆರ್‌ಎಸ್‌ನಲ್ಲಿ ಉಪ್ಪು ಸರಿ. ಸಕ್ಕರೆ ಬರೇ ರುಚಿಗಾ?

ರುಚಿಗೆ ಅಲ್ಲ. ಸಕ್ಕರೆ ಇಲ್ಲದಿದ್ದರೆ ಅದು ಔಷಧವೇ ಅಲ್ಲ.

ಸಣ್ಣ ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಸಾಗಣೆ ಪ್ರೋಟೀನ್ ಇದೆ. ಅದು ಒಂದು ಗ್ಲೂಕೋಸ್ ಅಣುವನ್ನೂ ಎರಡು ಸೋಡಿಯಂ ಅಯಾನನ್ನೂ ಒಟ್ಟಿಗೇ ಒಳಗೆ ತೆಗೆದುಕೊಳ್ಳುತ್ತದೆ. ಒಂದು ಬಿಟ್ಟು ಇನ್ನೊಂದನ್ನು ಒಯ್ಯುವುದಿಲ್ಲ. ಇಂಥದ್ದೊಂದು ಜೋಡಿ ಸಾಗಣೆ ಇರಬೇಕು ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದ. ಸೋಡಿಯಂ ಮತ್ತು ಗ್ಲೂಕೋಸ್ ಒಳಗೆ ಹೋದರೆ ಅವುಗಳ ಹಿಂದೆ ನೀರು ಹೋಗುತ್ತದೆ. ಕಾಲರಾದ ವಿಷ ಕರುಳಿನಿಂದ ನೀರು ಸುರಿಯುವ ಹಾಗೆ ಮಾಡುತ್ತದೆ ನಿಜ, ಆದರೆ ಈ ಜೋಡಿ ಸಾಗಣೆಯನ್ನು ಮುಟ್ಟುವುದಿಲ್ಲ. ಎಷ್ಟು ಭೇದಿಯಾದರೂ ಆ ಬಾಗಿಲು ತೆರೆದೇ ಇರುತ್ತದೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನ್‌ಗಾಂವ್‌ಗೆ ಬಂದಾಗ ಕಾಲರಾ ಹರಡಿತು. ಸಲೈನ್ ಬಾಟಲಿ ಸಾಕಾಗಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಯ ಮನೆಯವರ ಕೈಯಲ್ಲೇ ಕುಡಿಸಿದರು. ಸಾವಿನ ಪ್ರಮಾಣ ದೊಡ್ಡದಾಗಿ ಇಳಿಯಿತು.

ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಷಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. 'ಸ್ವಲ್ಪ ಸಿಹಿ ಜಾಸ್ತಿ ಇರಲಿ, ಮಗು ಕುಡೀತದೆ' ಎಂದು ಸಕ್ಕರೆ ಸುರಿಯಬೇಡಿ. ಕರುಳಿನಲ್ಲಿ ಸಕ್ಕರೆ ಜಾಸ್ತಿಯಾದರೆ ನೀರು ವಾಪಸು ಹೊರಗೆ ಬರುತ್ತದೆ, ಭೇದಿ ಹೆಚ್ಚುತ್ತದೆ. ಬಾಟಲಿಯ ತಂಪು ಪಾನೀಯ ಕೊಡಬಾರದು ಎನ್ನುವುದೂ ಇದಕ್ಕೇ.

ಸೋಡಿಯಂ-ಪೊಟ್ಯಾಷಿಯಂ ಪಂಪ್ ಪರೀಕ್ಷೆಗೆ ಬರ್ತದೆ. 3 ಹೊರಗೆ, 2 ಒಳಗೆ ಅಂತ ಗೊತ್ತು. ಆದ್ರೆ ಯಾಕೆ ಮಾಡ್ಬೇಕು?

ಸೋರುವ ಹಳೇ ದೋಣಿಯಲ್ಲಿ ಹೊಳೆ ದಾಟುವವರು ಒಬ್ಬರನ್ನು ನೀರು ಎತ್ತಿ ಹಾಕಲು ಕೂರಿಸುತ್ತಾರಲ್ಲ, ಈ ಪಂಪಿನದ್ದು ಆ ಕೆಲಸ. ಸೋಡಿಯಂ ಹೊರಗೆ ಜಾಸ್ತಿ, ಸಣ್ಣ ಸಣ್ಣ ದಾರಿಗಳಿಂದ ಒಳಗೆ ಸೋರುತ್ತಲೇ ಇರುತ್ತದೆ. ತಡೆಯದಿದ್ದರೆ ಅದರ ಹಿಂದೆ ನೀರು ಬಂದು ಕೋಶ ಉಬ್ಬಿ ಒಡೆಯುತ್ತದೆ, ಪ್ರಾಣಿಕೋಶಕ್ಕೆ ಗೋಡೆ ಇಲ್ಲವಲ್ಲ. ಹಾಗಾಗಿ ಎಟಿಪಿ ಎಂಬ, ಕೋಶ ಶಕ್ತಿಗಾಗಿ ಬಳಸುವ ಅಣು ಒಂದನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಷಿಯಂ ಒಳಗೆ.

ಲಾಭವೂ ಇದೆ. ಹೊರಗೆ ಕೂಡಿಟ್ಟ ಸೋಡಿಯಂ ಒಂದು ಬಂಡವಾಳ. ನರದಲ್ಲಿ ಸಂದೇಶ ಓಡುವುದು, ಕರುಳು ಗ್ಲೂಕೋಸ್ ಹೀರುವುದು ಅದರ ಬಲದಿಂದ. ನೀವು ಸುಮ್ನೆ ಮಲಗಿದಾಗಲೂ ದೇಹ ಬಳಸುವ ಶಕ್ತಿಯ ಸುಮಾರು ಐದನೇ ಒಂದು ಪಾಲು ಈ ಪಂಪಿಗೇ ಬೇಕು.

ಇದನ್ನು 1957ರಲ್ಲಿ ಪತ್ತೆ ಮಾಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಬಳಸಿದ್ದು ಏಡಿಯ ಕಾಲಿನ ನರವನ್ನು. ಅದಕ್ಕೆ ನೊಬೆಲ್ ಬಂದದ್ದು 40 ವರ್ಷ ಬಿಟ್ಟು, 1997ರಲ್ಲಿ. ಇನ್ನೊಂದು ಮಾತು, ಮಕ್ಕಳಿರುವ ಮನೆಯವರಿಗೆ: ಅಂಗಳದ ಕಣಗಿಲೆ ಗಿಡದ ವಿಷ ಕೊಲ್ಲುವುದು ಇದೇ ಪಂಪನ್ನು ನಿಲ್ಲಿಸಿ. ಎಲೆ, ಹೂ, ಬೀಜ ಯಾವುದನ್ನೂ ಬಾಯಿಗೆ ಹಾಕಬಾರದು.

## ಒಳಗಿನ ಕಣದಂಗಗಳು

ಇಆರ್, ಗಾಲ್ಗಿ, ರೈಬೋಸೋಮ್ ಎಲ್ಲ ಗೊಂದಲ ಆಗ್ತದೆ. ನೆನಪಿಟ್ಕೊಳ್ಳೂಕೆ ಸುಲಭ ದಾರಿ ಹೇಳಿ.

ಪಟ್ಟಿ ಬಾಯಿಪಾಠ ಮಾಡಬೇಡಿ. ಒಂದು ಪ್ರೋಟೀನಿನ ಹಿಂದೆ ಹೋಗಿ. ಹಾಲನ್ನೇ ತೆಗೆದುಕೊಳ್ಳೋಣ.

ಆಕಳ ಕೆಚ್ಚಲಿನ ಕೋಶದಲ್ಲಿ ಕೇಸೀನ್ ಎಂಬ ಪ್ರೋಟೀನಿನ ಸೂಚನೆ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಅದರ ನಕಲು ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದುತ್ತಾ ಅಮೈನೋ ಆಮ್ಲಗಳನ್ನು ಪೋಣಿಸುತ್ತದೆ. ಹೊರಗೆ ಹೋಗಬೇಕಾದ ಪ್ರೋಟೀನ್ ಆದ್ದರಿಂದ ಆ ರೈಬೋಸೋಮ್ ಅಂತರ್ದ್ರವ್ಯ ಜಾಲಕ್ಕೆ, ಅಂದರೆ ಇಆರ್‌ಗೆ, ಅಂಟಿಕೊಂಡು ಎಳೆಯನ್ನು ಅದರೊಳಗೆ ಇಳಿಸುತ್ತದೆ. ಅಲ್ಲಿ ಅದು ಸರಿಯಾಗಿ ಮಡಚಿಕೊಳ್ಳುತ್ತದೆ. ಅಲ್ಲಿಂದ ಸಣ್ಣ ಪೊರೆಚೀಲದಲ್ಲಿ ಗಾಲ್ಗಿಗೆ. ಗಾಲ್ಗಿ ಅದಕ್ಕೆ ಫಾಸ್ಫೇಟ್ ಸೇರಿಸುತ್ತದೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ವಿಂಗಡಿಸುತ್ತದೆ. ಮತ್ತೆ ಚೀಲ. ಆ ಚೀಲದ ಪೊರೆ ಕೋಶಪೊರೆಯ ಜೊತೆ ಸೇರಿಹೋಗಿ ಒಳಗಿನದ್ದು ಹೊರಗೆ ಬೀಳುತ್ತದೆ. ಈ ಮಾರ್ಗವನ್ನು ಹಂತ ಹಂತವಾಗಿ ತೋರಿಸಿದ ಜಾರ್ಜ್ ಪಲಾಡೆಗೆ 1974ರ ನೊಬೆಲ್ ಪಾಲು ಸಿಕ್ಕಿತು.

ಹಾಲಿನ ಕೊಬ್ಬಿನದು ಬೇರೆ ಕಥೆ, ಇದು ಪಠ್ಯದಲ್ಲಿ ಇಲ್ಲ. ಕೊಬ್ಬಿನ ಹನಿ ಹೊರಗೆ ಹೋಗುವಾಗ ಕೋಶಪೊರೆಯನ್ನೇ ಮೈಗೆ ಸುತ್ತಿಕೊಂಡು ಕಳಚಿಕೊಳ್ಳುತ್ತದೆ. ಹಾಲಿನಲ್ಲಿ ತೇಲುವ ಪ್ರತಿ ಕೊಬ್ಬಿನ ಹನಿಯ ಮೇಲೂ ಆಕಳ ಕೋಶದ ಪೊರೆಯ ಚೂರು ಇದೆ. ಅದಕ್ಕೇ ಹನಿಗಳು ಒಂದಕ್ಕೊಂದು ಸೇರಿ ತುಪ್ಪದ ಹಾಗೆ ಮೇಲೆ ನಿಲ್ಲುವುದಿಲ್ಲ. ಕಡಗೋಲು ಹಾಕಿ ಕಡೆದಾಗ ಹರಿಯುವುದು ಈ ಪೊರೆ. ಪೊರೆ ಹರಿದ ಹನಿಗಳು ಕೂಡಿ ಬೆಣ್ಣೆಯಾಗುತ್ತವೆ, ಪೊರೆಯ ಚೂರುಗಳು ಹೆಚ್ಚಾಗಿ ಮಜ್ಜಿಗೆಯಲ್ಲಿ ಉಳಿಯುತ್ತವೆ.

ಲೈಸೋಸೋಮ್ 'ಆತ್ಮಹತ್ಯಾ ಸಂಚಿ' ಅಂತ ಬರ್ದ್ರೆ ಸರಿಯಾ?

ಅಂಕ ಬರುತ್ತದೆ. ಆದರೆ ಆ ಹೆಸರು ದಾರಿ ತಪ್ಪಿಸುತ್ತದೆ. ಲೈಸೋಸೋಮ್ ದಿನವಿಡೀ ಮಾಡುವುದು ಹಳೇ ಸಾಮಾನು ಒಡೆದು ಮರುಬಳಕೆಗೆ ಕೊಡುವುದು. ಅದರ ಒಳಗೆ ಹುಳಿ, ಪಿಎಚ್ ಸುಮಾರು 4.5 ರಿಂದ 5. ಅದರ ಕಿಣ್ವಗಳಿಗೆ ಆ ಹುಳಿಯೇ ಬೇಕು. ಒಂದೆರಡು ಲೈಸೋಸೋಮ್ ಒಡೆದರೂ ಕೋಶದ್ರವ್ಯದ 7.2ರಲ್ಲಿ ಅವು ಹೆಚ್ಚೇನೂ ಮಾಡಲಾರವು. ಕೋಶ ಯೋಜನೆ ಹಾಕಿ ಸಾಯುವಾಗ ಮುಖ್ಯ ಕೆಲಸ ಕ್ಯಾಸ್ಪೇಸ್ ಎಂಬ ಬೇರೆ ಕಿಣ್ವಗಳದ್ದು. ಕೋಶ ತನ್ನದೇ ಭಾಗಗಳನ್ನು ಹೇಗೆ ಜೀರ್ಣಿಸಿಕೊಳ್ಳುತ್ತದೆ ಎಂದು ಬಿಡಿಸಿದ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು.

ಮೈಟೋಕಾಂಡ್ರಿಯ 'ಶಕ್ತಿಕೇಂದ್ರ'. ಸರಿ, ಅದು ನಿಜವಾಗಿ ಮಾಡೂದೇನು?

ಕೈಗಾ ಪಕ್ಕದಲ್ಲೇ ಇರುವವರಿಗೆ 'ಶಕ್ತಿಕೇಂದ್ರ' ಎಂದರೆ ಬೇರೆಯೇ ಚಿತ್ರ ಬರುತ್ತದೆ, ಅದನ್ನು ಪಕ್ಕಕ್ಕಿಡಿ. ಮೈಟೋಕಾಂಡ್ರಿಯಕ್ಕೆ ಎರಡು ಪೊರೆ. ಒಳಪೊರೆ ಮಡಿಕೆ ಮಡಿಕೆಯಾಗಿದೆ. ಊಟದಿಂದ ಬಂದ ಎಲೆಕ್ಟ್ರಾನುಗಳು ಆ ಪೊರೆಯ ಪ್ರೋಟೀನುಗಳಲ್ಲಿ ಒಂದರಿಂದ ಒಂದಕ್ಕೆ ದಾಟುತ್ತಾ ಕೊನೆಗೆ ಆಮ್ಲಜನಕ ಸೇರುತ್ತವೆ. ನಾವು ಉಸಿರಾಡುವುದು ಈ ಕೊನೆಯ ಮೆಟ್ಟಿಲಿಗಾಗಿ. ದಾಟುವಾಗ ಬಿಡುಗಡೆಯಾದ ಶಕ್ತಿಯಿಂದ ಪ್ರೋಟಾನುಗಳನ್ನು ಪೊರೆಯ ಆಚೆ ತಳ್ಳಲಾಗುತ್ತದೆ. ಆಚೆ ತುಂಬಿದ ಪ್ರೋಟಾನುಗಳಿಗೆ ವಾಪಸು ಬರಲು ಮುಖ್ಯವಾಗಿ ಇರುವುದು ಒಂದೇ ದಾರಿ, ಎಟಿಪಿ ಸಿಂಥೇಸ್ ಎಂಬ ಪ್ರೋಟೀನ್. ಅದರ ಮೂಲಕ ಅವು ಇಳಿಯುವಾಗ ಆ ಪ್ರೋಟೀನಿನ ಒಂದು ಭಾಗ ಗರಗರ ತಿರುಗುತ್ತದೆ, ತಿರುಗಿದಂತೆ ಎಟಿಪಿ ತಯಾರಾಗುತ್ತದೆ. ಇದು ಉಪಮೆ ಅಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಭಾಗಕ್ಕೆ ಹೊಳೆಯುವ ಎಳೆ ಕಟ್ಟಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಿದರು.

ಪ್ರೋಟಾನಿನ ಈ ಕಥೆಯನ್ನು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ತುಂಬಾ ಜನ ನಂಬಲಿಲ್ಲ. 1978ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು. ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅವರ ಹೆಸರು ಪಠ್ಯದಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು ಎನ್ನುವುದು ನನ್ನ ಹಳೇ ತಕರಾರು.

ಗಿಡಕ್ಕೆ ಕ್ಲೋರೋಪ್ಲಾಸ್ಟ್ ಇದ್ಮೇಲೆ ಮೈಟೋಕಾಂಡ್ರಿಯ ಯಾಕೆ ಬೇಕು?

ರಾತ್ರಿ ಇದೆಯಲ್ಲ. ಬೇರೂ ಇದೆ. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಅದನ್ನು ಒಡೆದು ಕೆಲಸಕ್ಕೆ ಬೇಕಾದ ಎಟಿಪಿ ಮಾಡಲು ಮೈಟೋಕಾಂಡ್ರಿಯವೇ ಬೇಕು, ಅದಕ್ಕೆ ಆಮ್ಲಜನಕ ಬೇಕು. ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಸಾಯುವುದು ಆಮ್ಲಜನಕ ಸಿಗದೆ. ಕೆಸರಿನಲ್ಲಿ ನಿಂತ ಅವಿಸೀನಿಯಾ ಕಾಂಡ್ಲಾ ಉಸಿರುಬೇರುಗಳನ್ನು ಪೆನ್ಸಿಲಿನ ಹಾಗೆ ಮೇಲಕ್ಕೆ ಕಳಿಸುವುದೂ ಅದಕ್ಕೇ.

## ಸ್ವಲ್ಪ ಆಳಕ್ಕೆ

ಅಡಿಕೆ ಕೊಳೆರೋಗ ಶಿಲೀಂಧ್ರ ಅಲ್ಲ ಅಂತ ಯಾರೋ ಹೇಳಿದ್ರು. ಮತ್ತೆ ಎಂಥದು ಅದು?

ಹೇಳಿದವರು ಸರಿ. ಕೊಳೆ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದ ಹಾಗೇ ಎಳೆ ಎಳೆಯಾಗಿ ಬೆಳೆಯುತ್ತದೆ. ಆದರೆ ಅದರ ಕೋಶಭಿತ್ತಿ ಬೇರೆ. ಅಣಬೆ, ಬೂಸ್ಟಿನಂಥ ನಿಜವಾದ ಶಿಲೀಂಧ್ರಗಳ ಭಿತ್ತಿಯಲ್ಲಿ ಕೈಟಿನ್ ಇರುತ್ತದೆ. ಇದರಲ್ಲಿ ಸೆಲ್ಯುಲೋಸ್ ಮತ್ತು ಗ್ಲೂಕಾನ್. ಪೊರೆಯೂ ಬೇರೆ. ಶಿಲೀಂಧ್ರಗಳು ತಮ್ಮ ಪೊರೆಗೆ ಎರ್ಗೋಸ್ಟೆರಾಲ್ ತಯಾರಿಸಿಕೊಳ್ಳುತ್ತವೆ, ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಆ ತಯಾರಿಕೆಯನ್ನು ತಡೆದು ಕೆಲಸ ಮಾಡುವ ಶಿಲೀಂಧ್ರನಾಶಕಗಳನ್ನು ದುಡ್ಡು ಕೊಟ್ಟು ತಂದು ಹೊಡೆದರೂ ಕೊಳೆಗೆ ಏನೂ ಆಗದು. ಅಂಗಡಿಯಲ್ಲಿ ಡಬ್ಬದ ಬಣ್ಣ ನೋಡಿ ತರಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಬೋರ್ಡೋ ದ್ರಾವಣ ಯಾಕೆ ತಾಗುತ್ತದೆ? ಫೈಟಾಫ್ತೊರಾ ಹರಡುವುದು ಈಜುವ ಬೀಜಕಗಳಿಂದ. ಎರಡು ಬಾಲ ಬೀಸುತ್ತಾ ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜುತ್ತವೆ, ಆ ಹೊತ್ತಿನಲ್ಲಿ ಅವಕ್ಕೆ ಭಿತ್ತಿಯೇ ಇರುವುದಿಲ್ಲ, ಬರೀ ಪೊರೆ. ಗೊನೆಯ ಮೇಲಿನ ತಾಮ್ರ ಸ್ವಲ್ಪಸ್ವಲ್ಪವೇ ಕರಗಿ ಆ ಬೆತ್ತಲೆ ಕೋಶಕ್ಕೆ ಹೊಕ್ಕು ಅದರ ಕಿಣ್ವಗಳನ್ನು ಕೆಡಿಸುತ್ತದೆ. ಬೀಜಕ ಭಿತ್ತಿ ಕಟ್ಟಿಕೊಂಡು ಕಾಯಿಯೊಳಗೆ ಇಳಿದ ಮೇಲೆ ಹೊರಗಿನ ತಾಮ್ರಕ್ಕೆ ಅದು ಸಿಗುವುದಿಲ್ಲ. ಹಾಗಾಗಿ ಒಂದು ಶೇಕಡಾ ದ್ರಾವಣ, ಅಂದರೆ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮಳೆ ಹಿಡಿಯುವ ಮೊದಲೇ ಗೊನೆಯ ಮೇಲೆ ಕೂತಿರಬೇಕು. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಉಳಿದ ಗೊನೆ ಕಾಯಬಹುದು, ಹೋದದ್ದು ಹೋಯಿತು.

ಮೈಟೋಕಾಂಡ್ರಿಯ ಒಂದು ಕಾಲದಲ್ಲಿ ಬ್ಯಾಕ್ಟೀರಿಯ ಆಗಿತ್ತಂತೆ. ಸಾಕ್ಷಿ ಉಂಟಾ?

ಉಂಟು, ಬೇಕಾದಷ್ಟು. ಅದಕ್ಕೆ ತನ್ನದೇ ಡಿಎನ್‌ಎ ಇದೆ, ಬ್ಯಾಕ್ಟೀರಿಯದ ಹಾಗೆ ಉಂಗುರದ ಆಕಾರದ್ದು. ಮನುಷ್ಯರಲ್ಲಿ ಅದು 16,569 ಅಕ್ಷರಗಳ, 37 ಜೀನುಗಳ ಸಣ್ಣ ಉಂಗುರ. ಅದು ನಮಗೆ ಬರುವುದು ತಾಯಿಯಿಂದ. ಕೋಶ ಹೊಸ ಮೈಟೋಕಾಂಡ್ರಿಯವನ್ನು ಶೂನ್ಯದಿಂದ ಮಾಡಲಾರದು, ಇದ್ದದ್ದೇ ಬೆಳೆದು ಎರಡಾಗಬೇಕು. ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದಾಗ ಆಕ್ಷೇಪ ಜೋರಾಗಿತ್ತು. ಡಿಎನ್‌ಎ ಓದಲು ಬಂದ ಮೇಲೆ ವಾದ ಮುಗಿಯಿತು: ಮೈಟೋಕಾಂಡ್ರಿಯದ ನೆಂಟರು ಆಲ್ಫಾಪ್ರೋಟಿಯೋಬ್ಯಾಕ್ಟೀರಿಯ, ಕ್ಲೋರೋಪ್ಲಾಸ್ಟಿನ ನೆಂಟರು ಸಯನೋಬ್ಯಾಕ್ಟೀರಿಯ.

ಈ ನೆಂಟಸ್ತಿಕೆ ಆಸ್ಪತ್ರೆಯಲ್ಲೂ ಕಾಣುತ್ತದೆ. ಹಲವು ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯದ ರೈಬೋಸೋಮಿಗೆ ಅಂಟಿ ಅದನ್ನು ನಿಲ್ಲಿಸುತ್ತವೆ. ಎಲ್ಲಿ, ಹೇಗೆ ಅಂಟುತ್ತವೆ ಎಂದು ಅಣುಅಣುವಾಗಿ ತೋರಿಸಿದವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು, 2009ರ ನೊಬೆಲ್ ಅವರ ಪಾಲಿಗೂ ಬಂತು. ಮೈಟೋಕಾಂಡ್ರಿಯದ ರೈಬೋಸೋಮ್ ಬ್ಯಾಕ್ಟೀರಿಯದ್ದನ್ನೇ ಹೋಲುತ್ತದೆ. ಹೀಗಾಗಿ ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇರುವ ಮನೆತನಗಳಲ್ಲಿ ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಕೊಟ್ಟರೆ ಕಿವಿಯ ಕೋಶಗಳು ಸತ್ತು ಕಿವುಡು ಬರಬಹುದು. ತಾಯಿ ಕಡೆಯವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಉಪ್ಪಿನಾಗರದ ನೀರು ಬೇಸಗೆಯಲ್ಲಿ ಕೆಲವು ಕಡೆ ನಸುಗೆಂಪಾಗ್ತದೆ. ಅಷ್ಟು ಉಪ್ಪಲ್ಲೂ ಜೀವ ಇರ್ತದಾ?

ಇರುತ್ತದೆ. ಸಾಣಿಕಟ್ಟಾದಂಥ ಆಗರಗಳಲ್ಲಿ ನೀರು ಒಣಗಿ ಉಪ್ಪು ಹರಳಾಗುವ ಹೊತ್ತಿಗೆ ಸಾಂದ್ರತೆ ಸಮುದ್ರದ ಏಳೆಂಟು ಪಟ್ಟು ಆಗಿರುತ್ತದೆ. ಅಂಥ ನೀರು ಎಲ್ಲಿ ಕೆಂಪಾದರೂ ಸಾಮಾನ್ಯವಾಗಿ ಎರಡು ಗುಂಪಿನ ಜೀವಿಗಳ ಕೈವಾಡ. ಒಂದು ಡುನಾಲಿಯೆಲ್ಲಾ ಎಂಬ ಪಾಚಿ. ಅದಕ್ಕೆ ಗಟ್ಟಿ ಭಿತ್ತಿ ಇಲ್ಲ, ಕೋಶದೊಳಗೆ ಗ್ಲಿಸರಾಲ್ ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿದೂಗಿಸುತ್ತದೆ. ಬಿಸಿಲು ಜೋರಾದಾಗ ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟಿನನ್ನೇ ಕೂಡಿಟ್ಟು ಕೆಂಪಗಾಗುತ್ತದೆ.

ಇನ್ನೊಂದು ಹ್ಯಾಲೋಬ್ಯಾಕ್ಟೀರಿಯಂ. ಹೆಸರಲ್ಲಿ ಬ್ಯಾಕ್ಟೀರಿಯ ಇದ್ದರೂ ಅದು ಆರ್ಕಿಯಾ ಎಂಬ ಬೇರೆಯೇ ಕುಲ. ಇದು ಕೋಶದೊಳಗೇ ಪೊಟ್ಯಾಷಿಯಂ ಉಪ್ಪನ್ನು ಭರ್ತಿ ತುಂಬಿಕೊಂಡಿದೆ. ಇದರ ಪ್ರೋಟೀನುಗಳಿಗೆ ಉಪ್ಪು ಇಲ್ಲದೆ ಆಗುವುದಿಲ್ಲ, ಸಿಹಿನೀರಿಗೆ ಬಿದ್ದರೆ ಕೋಶ ಒಡೆದು ಸಾಯುತ್ತದೆ. ಇದರ ಪೊರೆಯ ಕೊಬ್ಬಿನ ಅಣುಗಳ ಜೋಡಣೆಯೇ ನಮ್ಮದಕ್ಕಿಂತ ಬೇರೆ.

ಈ ಪೊರೆಯಲ್ಲಿ ನೇರಳೆ ಬಣ್ಣದ ಒಂದು ಪ್ರೋಟೀನ್ ಇದೆ, ಬ್ಯಾಕ್ಟೀರಿಯೋರೊಡಾಪ್ಸಿನ್. ನಮ್ಮ ಕಣ್ಣಿನ ರೊಡಾಪ್ಸಿನ್‌ನ ಹಾಗೇ ಇದರಲ್ಲೂ ವಿಟಮಿನ್ ಎಯ ಒಂದು ರೂಪ ಇದೆ. ಬೆಳಕು ಬಿದ್ದಾಗ ಇದು ಪ್ರೋಟಾನನ್ನು ಪೊರೆಯ ಆಚೆ ತಳ್ಳುತ್ತದೆ. 1974ರಲ್ಲಿ ರ್ಯಾಕರ್ ಮತ್ತು ಸ್ಟೋಕೇನಿಯಸ್ ಕೊಬ್ಬಿನ ಪೊಳ್ಳು ಗುಳ್ಳೆಗಳನ್ನು ಮಾಡಿ, ಅದರ ಪೊರೆಯಲ್ಲಿ ಎರಡೇ ಎರಡು ಸಾಮಾನು ಕೂರಿಸಿದರು: ಉಪ್ಪುಜೀವಿಯ ಈ ನೇರಳೆ ಪ್ರೋಟೀನ್, ಮತ್ತು ದನದ ಹೃದಯದ ಮೈಟೋಕಾಂಡ್ರಿಯದಿಂದ ತೆಗೆದ ಎಟಿಪಿ ಸಿಂಥೇಸ್. ಎರಡಕ್ಕೂ ಹುಟ್ಟಿನಿಂದ ಯಾವ ಪರಿಚಯವೂ ಇಲ್ಲ. ದೀಪ ಹಾಕಿದಾಗ ಎಟಿಪಿ ತಯಾರಾಯಿತು, ಆರಿಸಿದಾಗ ನಿಂತಿತು. ಎರಡರ ನಡುವೆ ಓಡಾಡಬಹುದಾಗಿದ್ದದ್ದು ಪ್ರೋಟಾನು ಮಾತ್ರ. ಎಟಿಪಿ ತಯಾರಿಸಲು ಪೊರೆಯ ಎರಡು ಬದಿಯ ಪ್ರೋಟಾನು ವ್ಯತ್ಯಾಸವೇ ಸಾಕು ಎನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ಆಗ ಬೇರೆ ಇರಲಿಲ್ಲ.